ನಳ ಎಣಿಸಿದ್ದು ಸಾಕು, ನೀರಿನ ಲೆಕ್ಕ ಕೊಡಿ

ಊರಲ್ಲಿ ವಾಂತಿ-ಭೇದಿ ಶುರುವಾದ ಮರುದಿನ ಏನೇನು ನಡೆಯುತ್ತದೆ ಅಂತ ಜಿಲ್ಲೆ ಸುತ್ತುವ ನಮಗೆ ಬಾಯಿಪಾಠ ಆಗಿದೆ. ಶಾಲೆಯಲ್ಲಿ ತಾತ್ಕಾಲಿಕ ಆಸ್ಪತ್ರೆ. ಚರಂಡಿಗೆ ಬಿಳಿ ಪುಡಿ. ಟ್ಯಾಂಕರ್ ನೀರು. ಸಾಹೇಬರ ಜೀಪು. ಸಂಜೆಯೊಳಗೆ ಪಿಡಿಒ ಅಮಾನತು, ನೀರುಗಂಟಿ ಮನೆಗೆ. ಹದಿನೈದು ದಿನ ಕಳೆದರೆ ಅದೇ ಟ್ಯಾಂಕು, ಅದೇ ಪೈಪು, ಅದೇ ನೀರು.

2022ರಲ್ಲಿ ರಾಯಚೂರು ನಗರ. 2023ರಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳ, ಬಿಜಕಲ್. ಅದೇ ವರ್ಷ ಚಿತ್ರದುರ್ಗದ ಕವಾಡಿಗರಹಟ್ಟಿ. 2024ರಲ್ಲಿ ಮೈಸೂರು ಪಕ್ಕದ ಕೆ. ಸಾಲುಂಡಿ. ಎಲ್ಲ ಕಡೆಯೂ ಜೀವ ಹೋಗಿವೆ. ಅಲ್ಲಿ ಜನ ಸತ್ತಿದ್ದು ನೀರಿಲ್ಲದೆ ಅಲ್ಲ, ಬಂದ ನೀರು ಕುಡಿದು.

ಆದರೆ ಸರ್ಕಾರ ಎಣಿಸುವುದು ನಳವನ್ನು. 2019ರ ಆಗಸ್ಟ್ 15ಕ್ಕೆ ಜಲ ಜೀವನ್ ಮಿಷನ್ ಘೋಷಣೆಯಾದಾಗ ದೇಶದ ಹಳ್ಳಿಗಳಲ್ಲಿ ನಳ ಇದ್ದ ಮನೆ 3.23 ಕೋಟಿ. ಈಗ 15 ಕೋಟಿ ದಾಟಿದೆ. ನಮ್ಮ ರಾಜ್ಯದಲ್ಲಿ ಇದಕ್ಕೆ 'ಮನೆ ಮನೆಗೆ ಗಂಗೆ' ಅಂತ ಚೆಂದದ ಹೆಸರೂ ಇಟ್ಟರು. ನಳ ಬಂದಿದ್ದು ಸುಳ್ಳಲ್ಲ, ಹೆಣ್ಣುಮಕ್ಕಳ ಎಷ್ಟೋ ಕೊಡದ ಭಾರ ಇಳಿದಿದ್ದೂ ಸುಳ್ಳಲ್ಲ. ಆದರೆ ಅದೇ ಯೋಜನೆಯ ನಿಯಮ ಏನು ಹೇಳುತ್ತದೆ? ತಲೆಗೆ ದಿನಕ್ಕೆ 55 ಲೀಟರ್, ಅದೂ ಕುಡಿಯಲು ಯೋಗ್ಯವಾದ ನೀರು, ತಪ್ಪದೆ ಬರಬೇಕು. ಐದು ಜನರ ಮನೆಗೆ 275 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಹದಿನೆಂಟು ಕೊಡ. ನಿಮ್ಮ ಮನೆ ನಳದಲ್ಲಿ ದಿನಾ ಹದಿನೆಂಟು ಕೊಡ ತುಂಬುತ್ತದೆಯೇ? ನಾಲ್ಕು ದಿನಕ್ಕೊಮ್ಮೆ ಒಂದು ತಾಸು ಬಿಡುವ ನಳವೂ ಲೆಕ್ಕದಲ್ಲಿ ಒಂದು ನಳವೇ.

ಈ 'ನಾಲ್ಕು ದಿನಕ್ಕೊಮ್ಮೆ' ಅನ್ನುವುದು ಬರೀ ತೊಂದರೆಯ ಮಾತಲ್ಲ, ರೋಗದ ಮಾತು. ಪೈಪಿನಲ್ಲಿ ನೀರು ತುಂಬಿ ಒತ್ತಡ ಇದ್ದಾಗ ಎಲ್ಲಾದರೂ ಬಿರುಕು ಇದ್ದರೆ ನೀರು ಹೊರಗೆ ಚಿಮ್ಮುತ್ತದೆ. ವಾಲ್ವ್ ಬಂದ್ ಮಾಡಿ ಪೈಪು ಖಾಲಿಯಾಯಿತು ಅನ್ನಿ, ಅದೇ ಬಿರುಕು ಸುತ್ತಲಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಊರುಗಳಲ್ಲಿ ಪೈಪು ಹಾದು ಹೋಗುವುದು ಎಲ್ಲಿ? ಚರಂಡಿಯಲ್ಲಿ, ತಿಪ್ಪೆಯ ಪಕ್ಕದಲ್ಲಿ. ವಾಲ್ವಿನ ಗುಂಡಿಯಲ್ಲೇ ಹಂದಿ ಮಲಗಿರುತ್ತದೆ. ಮರುಸಲ ನೀರು ಬಿಟ್ಟಾಗ ಮೊದಲು ಬರುವುದು ಆ ಎಳೆದುಕೊಂಡ ನೀರು. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ 24 ತಾಸು ನೀರು ಕೊಟ್ಟಾಗ ಸಂಶೋಧಕರು ಎರಡೂ ಬಗೆಯ ನಳದ ನೀರು ಪರೀಕ್ಷೆ ಮಾಡಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಬಿಟ್ಟು ಬಿಟ್ಟು ಬರುವ ನೀರಿನಲ್ಲೇ ಮಲಿನತೆ ತೋರಿಸುವ ಬ್ಯಾಕ್ಟೀರಿಯಾ ಹೆಚ್ಚು ಸಲ ಸಿಕ್ಕವು. ಮೂಲ ಒಂದೇ ಆದರೂ ಕೆಟ್ಟಿದ್ದು ದಾರಿಯಲ್ಲಿ.

ಈ ದಾರಿಯ ಕೊನೆಯಲ್ಲಿ ಇರುವುದು ಬಹಳ ಊರುಗಳಲ್ಲಿ ದಲಿತರ ಕೇರಿ. ಒತ್ತಡ ಕಡಿಮೆ, ನೀರು ಕಡಿಮೆ, ಕ್ಲೋರಿನ್ ಅಲ್ಲಿಗೆ ಮುಟ್ಟುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಇದನ್ನು ಆಕಸ್ಮಿಕ ಅಂತ ಯಾರಾದರೂ ಹೇಳಿದರೆ ನಾವು ನಂಬುವುದಿಲ್ಲ.

ಈಗ ಹೊಣೆ ಯಾರದು ಕೇಳಿ ನೋಡಿ. ಬಹುಗ್ರಾಮ ಯೋಜನೆ ಇದ್ದ ಕಡೆ ನದಿಯಿಂದ ಊರಿನ ಓವರ್‌ಹೆಡ್ ಟ್ಯಾಂಕಿನವರೆಗೆ ಇಲಾಖೆ ಮತ್ತು ಗುತ್ತಿಗೆದಾರ. ಟ್ಯಾಂಕಿನಿಂದ ಕೆಳಗೆ ಪಂಚಾಯಿತಿ. ನೀರು ಕೆಟ್ಟರೆ ಮೇಲಿನವರು ಕೆಳಗೆ ಬೆರಳು ತೋರಿಸುತ್ತಾರೆ, ಕೆಳಗಿನವರು ಮೇಲೆ. ನಡುವೆ ಟ್ಯಾಂಕಿನ ಏಣಿ ಹತ್ತುವ ನೀರುಗಂಟಿ ಒಬ್ಬನೇ. ಮೋಟರು ಅವನದು, ವಾಲ್ವು ಅವನದು, ಲೀಕೇಜು ಅವನದು, ಬೀದಿ ದೀಪ ಕೂಡ ಅವನ ತಲೆಗೇ. ಪಗಾರ ಎಷ್ಟು ತಿಂಗಳಿಗೊಮ್ಮೆ ಬರುತ್ತದೆ ಅಂತ ಅವನನ್ನೇ ಕೇಳಿ. ಕ್ಲೋರಿನ್ ಅಳೆಯುವುದನ್ನು ಅವನಿಗೆ ಯಾರೂ ಕಲಿಸಿಲ್ಲ. ನಾವು ಮಾತಾಡಿಸಿದ ಒಬ್ಬ ನೀರುಗಂಟಿ ಬ್ಲೀಚಿಂಗ್ ಪೌಡರನ್ನು 'ಒಂದು ಬೊಗಸೆ' ಲೆಕ್ಕದಲ್ಲಿ ಹಾಕುತ್ತಿದ್ದ. ಚೀಲ ಬಾಯಿ ತೆರೆದು ಎರಡು ಮಳೆಗಾಲ ಕಂಡಿತ್ತು. ಗಾಳಿಗೆ ತೆರೆದಿಟ್ಟ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿ ಉಳಿಯುವುದು ಬರೀ ಸುಣ್ಣ.

ಎಷ್ಟು ದುಡ್ಡಿನ ಕೆಲಸ ಇದು? ತಿಳಿ ನೀರಾದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಪುಡಿ ಸಾಕು. ಕದಡಿದ್ದರೆ ಹೆಚ್ಚು ಬೇಕು. ಐವತ್ತು ಸಾವಿರ ಲೀಟರಿನ ಟ್ಯಾಂಕಿಗೆ 125 ಗ್ರಾಂ. ಒಂದು ಚಹಾದ ದುಡ್ಡು. ಹಾಕಿ ಅರ್ಧ ತಾಸಾದರೂ ಬಿಟ್ಟು ಆಮೇಲೆ ವಾಲ್ವ್ ತಿರುಗಿಸಬೇಕು, ಅಷ್ಟೇ. ಕೋಟಿಗಟ್ಟಲೆ ಖರ್ಚು ಮಾಡಿ ಪೈಪು ಹೂತವರಿಗೆ ಚಹಾದ ದುಡ್ಡು ಸಿಗುವುದಿಲ್ಲ. ಯಾಕೆಂದರೆ ಪೈಪಿಗೆ ಟೆಂಡರ್ ಇದೆ, ಭೂಮಿಪೂಜೆ ಇದೆ, ಬ್ಯಾನರ್ ಇದೆ. ಟ್ಯಾಂಕು ತೊಳೆಯುವುದಕ್ಕೆ ಯಾವ ಶಾಸಕರು ಬಂದು ಟೇಪು ಕತ್ತರಿಸುತ್ತಾರೆ?

'ಜನ ನೀರಿನ ಕರ ಕಟ್ಟುವುದಿಲ್ಲ, ನಾವೇನು ಮಾಡೋಣ' ಅನ್ನುತ್ತಾರೆ ಪಂಚಾಯಿತಿಯವರು. ಕಟ್ಟುವುದಿಲ್ಲ, ನಿಜ. ಆದರೆ ನಂಬಿಕೆ ಇಲ್ಲದ ನೀರಿಗೆ ಕರ ಕಟ್ಟಿ, ಮತ್ತೆ ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹೊತ್ತು ಹೋಗಿ ನಾಣ್ಯ ಹಾಕು ಅಂದರೆ ಯಾರು ಕೇಳುತ್ತಾರೆ? ಬೋರಿನ ನೀರಲ್ಲಿ ಫ್ಲೋರೈಡ್ ಇರುವ ಊರುಗಳಿಗೆ ಆ ಘಟಕ ಬೇಕೇ ಬೇಕು, ಕ್ಲೋರಿನ್‌ನಿಂದ ಫ್ಲೋರೈಡ್ ಹೋಗುವುದಿಲ್ಲ. ಅಂಥ ಊರಲ್ಲಿ ಘಟಕ ಕೆಟ್ಟು ನಿಂತರೆ ಅದು ಇನ್ನೂ ದೊಡ್ಡ ಅಪರಾಧ.

ಊರಿನವರಿಗೂ ಒಂದು ಮಾತು. ನೀರು ಸ್ವಲ್ಪ ಔಷಧಿ ವಾಸನೆ ಬಂದರೆ ನೀರುಗಂಟಿಯ ಮೇಲೆ ಜಗಳಕ್ಕೆ ಹೋಗಬೇಡಿ. ಆ ವಾಸನೆ ಹಿತಮಿತವಾಗಿದ್ದರೆ ಕೆಲಸ ನಡೆದಿದೆ ಅಂತ ಅರ್ಥ. ಬೈಗುಳಕ್ಕೆ ಹೆದರಿ ಪುಡಿ ಹಾಕುವುದನ್ನೇ ಬಿಟ್ಟವರು ಇದ್ದಾರೆ.

ನಾವು ಕೇಳುತ್ತಿರುವುದು ಹೊಸ ಯೋಜನೆ ಅಲ್ಲ, ಒಂದು ಪುಸ್ತಕ. ಟ್ಯಾಂಕು ತೊಳೆದ ತಾರೀಖು ಅದರಲ್ಲಿರಬೇಕು. ಲೀಕೇಜು ಯಾವತ್ತು ಗೊತ್ತಾಯಿತು, ಯಾವತ್ತು ಮುಚ್ಚಿದರು ಅನ್ನುವುದಿರಬೇಕು. ಎಲ್ಲಕ್ಕಿಂತ ಮುಖ್ಯ, ಕೊನೆಯ ಮನೆಯ ನಳದಲ್ಲಿ ಸಿಕ್ಕ ಕ್ಲೋರಿನ್ ಎಷ್ಟು ಅನ್ನುವುದು. ಟ್ಯಾಂಕಿನ ಬುಡದ್ದಲ್ಲ, ಕೊನೆಯ ಮನೆಯದ್ದು. ದೇಶದ ಮಾನದಂಡ ಕೇಳುವುದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ನೀರು ಪರೀಕ್ಷಿಸುವ ಕಿಟ್ ಬಳಸಲು ಪ್ರತಿ ಊರಲ್ಲಿ ಐದು ಹೆಣ್ಣುಮಕ್ಕಳಿಗೆ ತರಬೇತಿ ಕೊಡಬೇಕು ಅಂತ ಮಿಷನ್ನಿನ ನಿಯಮವೇ ಇದೆ. ನಿಮ್ಮೂರಿನ ಆ ಐವರು ಯಾರು? ಕಿಟ್ ಎಲ್ಲಿದೆ, ಪಂಚಾಯಿತಿ ಬೀರುವಿನಲ್ಲೇ?

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಪುಸ್ತಕ ಕೇಳಿ. ಇದ್ದರೆ ಫೋನಿನಲ್ಲಿ ಫೋಟೊ ತೆಗೆದು ಊರಿನ ಗ್ರೂಪಿಗೆ ಹಾಕಿ. ಇಲ್ಲ ಅಂದರೆ, ಇಲ್ಲ ಅಂತಲೇ ನಡಾವಳಿಯಲ್ಲಿ ಬರೆಸಿ, ಅಧ್ಯಕ್ಷರ ಸಹಿ ಬೀಳುವವರೆಗೆ ಮನೆಗೆ ಹೋಗಬೇಡಿ.