ಮನೆಗೊಂದು ಪ್ರಿಂಟರ್, ಮನೆಮಂದಿಗೆಲ್ಲ ಉಪಯೋಗ

ವಸ್ತುವೊಂದು ಮನೆಯಲ್ಲಿರುವುದು ಬೇರೆ, ಅದು ಮನೆಮಂದಿಗೆಲ್ಲ ಒದಗುವುದು ಬೇರೆ. ಈ ಮಾತಿನ ಅರ್ಥ ನನಗೆ ಮನವರಿಕೆಯಾದದ್ದು ಒಂದು ಪ್ರಿಂಟರಿನಿಂದ.

ತಮ್ಮನ ಮಗಳಿಗೆ ಮರುದಿನ ಪ್ರವೇಶ ಪರೀಕ್ಷೆ. ರಾತ್ರಿ ಹತ್ತು ಗಂಟೆಗೆ ಮೊಬೈಲಿನಲ್ಲಿ ಪ್ರವೇಶಪತ್ರ ತೆರೆದು ಮುದ್ರಿಸಲು ಬಂದಳು. ಪ್ರಿಂಟರ್ ನನ್ನ ಮಗನ ಗಣಕಯಂತ್ರಕ್ಕೆ ತಂತಿಯಿಂದ ಜೋಡಣೆಯಾಗಿತ್ತು. ಮಗ ಊರಲ್ಲಿರಲಿಲ್ಲ; ಅವನ ಗುಪ್ತಪದ ಯಾರಿಗೂ ತಿಳಿಯದು; ಬಸ್ಸಿನಲ್ಲಿದ್ದ ಅವನಿಗೆ ಫೋನೂ ತಾಗಲಿಲ್ಲ. ಬೆಳಗಿನ ಜಾವ ಬಸ್ ನಿಲ್ದಾಣದ ಬಳಿಯ ಝೆರಾಕ್ಸ್ ಅಂಗಡಿಯವರನ್ನು ಎಬ್ಬಿಸಿ ಪತ್ರ ಪಡೆದು, ಬಾಗಿಲು ಮುಚ್ಚುವ ಮುನ್ನ ಹೇಗೋ ಪರೀಕ್ಷಾ ಕೇಂದ್ರ ಸೇರಿದೆವು. "ದೊಡ್ಡಪ್ಪಾ, ಮನ್ಯಾಗ ಪ್ರಿಂಟರ್ ಇದ್ದೂ ಹಿಂಗಾತಲ್ಲ" ಎಂದು ಆ ಹುಡುಗಿ ಆಡಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ನೋಡಿದರೆ ಯಂತ್ರದಲ್ಲಿ ವೈಫೈ ಸೌಲಭ್ಯ ಮೊದಲಿನಿಂದಲೂ ಇತ್ತು. ಅದನ್ನು ಬಳಕೆಗೆ ತಂದವರೇ ಇರಲಿಲ್ಲ.

ಪ್ರಿಂಟರನ್ನು ಹಂಚಿಕೊಳ್ಳಲು ಮುಖ್ಯವಾಗಿ ಎರಡು ಮಾರ್ಗಗಳಿವೆ. ವೈಫೈ ಇಲ್ಲದ ಹಳೆಯ ಯಂತ್ರವಾದರೆ, ಅದನ್ನು ಯುಎಸ್‌ಬಿ ತಂತಿಯಿಂದ ಒಂದು ಗಣಕಯಂತ್ರಕ್ಕೆ ಜೋಡಿಸಿ, ಆ ಗಣಕಯಂತ್ರದ ಮೂಲಕ ಉಳಿದವರಿಗೆ ಒದಗಿಸಬೇಕು. ವಿಂಡೋಸ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು, ಶೇರಿಂಗ್ ಎಂಬ ಪುಟದಲ್ಲಿ ಗುರುತು ಹಾಕಿ, ಒಂದು ಚಿಕ್ಕ ಹೆಸರನ್ನಿಡಬೇಕು. ಮನೆಯ ಜಾಲವನ್ನು 'ಪ್ರೈವೇಟ್' ಎಂದು ಗುರುತಿಸಿರಬೇಕು. ಇದರ ಮಿತಿಯನ್ನು ಮರೆಯಲಾಗದು: ಪರದೆಗೆ ಗುಪ್ತಪದದ ಬೀಗ ಬಿದ್ದಿದ್ದರೂ ಹಂಚಿಕೆ ನಡೆಯುತ್ತದೆ, ಆದರೆ ಆ ಗಣಕಯಂತ್ರ ಆರಿದ್ದರೆ ಅಥವಾ ನಿದ್ರಾಸ್ಥಿತಿಗೆ ಜಾರಿದರೆ ಎಲ್ಲರ ಕೆಲಸವೂ ನಿಲ್ಲುತ್ತದೆ.

ಎರಡನೆಯ ಮಾರ್ಗವೇ ಮೇಲು. ಪ್ರಿಂಟರನ್ನು ಯಾರೊಬ್ಬರ ಗಣಕಯಂತ್ರಕ್ಕೂ ಕಟ್ಟಿಹಾಕದೆ ನೇರವಾಗಿ ರೂಟರಿಗೆ ಸೇರಿಸುವುದು. ಕಚೇರಿಯಲ್ಲಾದರೆ ತಂತಿಯ ಜೋಡಣೆ ಹೆಚ್ಚು ಭರವಸೆಯದು. ಮನೆಯಲ್ಲಿ ವೈಫೈ ಸಾಕು. ಪ್ರಿಂಟರಿನ ಫಲಕದಲ್ಲೋ ಅದರ ಆ್ಯಪ್‌ನಲ್ಲೋ ಮನೆಯ ವೈಫೈ ಹೆಸರನ್ನು ಆರಿಸಿ ಗುಪ್ತಪದ ನೀಡಬೇಕು. ಮನೆಬಳಕೆಯ ಅನೇಕ ಪ್ರಿಂಟರುಗಳು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಹಿಡಿಯುತ್ತವೆ. ರೂಟರಿನಲ್ಲಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರಿದ್ದರೆ ಅದು ಪ್ರಿಂಟರಿಗೆ ಕಾಣಿಸದು. ಯಂತ್ರ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. ಆ್ಯಪಲ್ ಸಂಸ್ಥೆ 2010ರಲ್ಲಿ ಏರ್‌ಪ್ರಿಂಟ್ ಸೌಲಭ್ಯವನ್ನು ತಂದಿತು. ಆಂಡ್ರಾಯ್ಡ್ ಫೋನುಗಳಲ್ಲಿಯೂ ಮುದ್ರಣ ಸೇವೆ ಅಡಕವಾಗಿದೆ. ಹೀಗಾಗಿ ಒಂದೇ ವೈಫೈನಲ್ಲಿರುವ ಮೊಬೈಲಿನಿಂದಲೇ ಮುದ್ರಿಸಬಹುದು. ಅತಿಥಿಗಳಿಗೆಂದು ಪ್ರತ್ಯೇಕ ವೈಫೈ ಇಟ್ಟಿದ್ದರೆ, ಅದರಲ್ಲಿರುವವರಿಗೆ ಸಾಮಾನ್ಯವಾಗಿ ಪ್ರಿಂಟರ್ ಕಾಣಿಸುವುದಿಲ್ಲ.

ತಿಂಗಳುಗಟ್ಟಲೆ ಸರಿಯಾಗಿದ್ದ ಪ್ರಿಂಟರ್ ಒಂದು ದಿನ ಇದ್ದಕ್ಕಿದ್ದಂತೆ 'ಆಫ್‌ಲೈನ್' ಎನ್ನುವುದುಂಟು. ಜಾಲದಲ್ಲಿರುವ ಪ್ರತಿಯೊಂದು ಸಾಧನಕ್ಕೂ ರೂಟರ್ 192.168.1.50 ಎಂಬಂಥ ಒಂದು ಅಂಕಿವಿಳಾಸ ಕೊಡುತ್ತದೆ. ವಿದ್ಯುತ್ ಹೋಗಿ ಬಂದಾಗ ಈ ವಿಳಾಸ ಬದಲಾಗಬಹುದು. ಬಾಡಿಗೆದಾರರು ಮನೆ ಬದಲಿಸಿದ ಮೇಲೂ ಅಂಚೆಯವನು ಹಳೆಯ ಮನೆಯ ಬಾಗಿಲು ತಟ್ಟಿದಂತೆ, ಗಣಕಯಂತ್ರವು ಹಳೆಯ ವಿಳಾಸದಲ್ಲೇ ಪ್ರಿಂಟರನ್ನು ಹುಡುಕುತ್ತಿರುತ್ತದೆ. ರೂಟರಿನ ಆಡಳಿತ ಪುಟದಲ್ಲಿ ಪ್ರಿಂಟರಿಗೆ ಒಂದು ವಿಳಾಸವನ್ನು ಕಾಯಂ ಆಗಿ ಮೀಸಲಿಡುವುದೇ ಇದಕ್ಕೆ ಪರಿಹಾರ.

ಹಂಚಿಕೊಂಡ ವಸ್ತುವಿಗೆ ಕಾವಲೂ ಬೇಕು. 2021ರಲ್ಲಿ ವಿಂಡೋಸ್‌ನ ಮುದ್ರಣ ವ್ಯವಸ್ಥೆಯಲ್ಲಿ 'ಪ್ರಿಂಟ್‌ನೈಟ್‌ಮೇರ್' ಎಂಬ ಗಂಭೀರ ದೋಷ ಬಯಲಾಗಿ, ಮೈಕ್ರೋಸಾಫ್ಟ್ ಆ ವರ್ಷದ ಜುಲೈನಲ್ಲಿ ತುರ್ತು ಪರಿಷ್ಕರಣೆ ನೀಡಬೇಕಾಯಿತು. ಆದ್ದರಿಂದ ಪರಿಷ್ಕರಣೆಗಳನ್ನು ಮುಂದೂಡದೆ ಹಾಕಿಕೊಳ್ಳಬೇಕು. ಪ್ರಿಂಟರಿನ ಆಡಳಿತ ಗುಪ್ತಪದವನ್ನು ಬದಲಿಸಬೇಕು. ಹೊರಗಿನ ಅಂತರಜಾಲದಿಂದ ಪ್ರಿಂಟರಿಗೆ ನೇರ ದಾರಿ ತೆರೆಯಕೂಡದು. ಕಚೇರಿಗಳಲ್ಲಿ ಇನ್ನೊಂದು ಅಪಾಯವಿದೆ. ಮುದ್ರಿಸಿದ ಆಧಾರ್ ಪ್ರತಿ, ಬ್ಯಾಂಕ್ ವಿವರಗಳು ತಟ್ಟೆಯಲ್ಲೇ ಉಳಿದು ಅನ್ಯರ ಕೈಸೇರುತ್ತವೆ. ಎದುರಿಗೆ ನಿಂತು ಪಿನ್ ಒತ್ತಿದ ಮೇಲಷ್ಟೇ ಮುದ್ರಿಸುವ ಅನುಕೂಲ ಅನೇಕ ಕಚೇರಿ ಯಂತ್ರಗಳಲ್ಲಿದೆ, ಬಳಸಿಕೊಳ್ಳುವುದು ಲೇಸು.

ಕನ್ನಡದ ಕಡತಗಳ ಬಗ್ಗೆ ಒಂದು ಮಾತು. ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಆಮಂತ್ರಣವನ್ನು ಆ ವಿನ್ಯಾಸವಿಲ್ಲದ ಯಂತ್ರದಿಂದ ಮುದ್ರಿಸಿದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಅಕ್ಷರಗಳನ್ನು ಅಡಕಗೊಳಿಸಿದ ಪಿಡಿಎಫ್ ಮಾಡಿಕೊಂಡರೆ ಎಲ್ಲಿಂದ ಮುದ್ರಿಸಿದರೂ ಒಂದೇ ರೂಪ.

ಈಗ ನಮ್ಮ ಪ್ರಿಂಟರ್ ಮಗನ ಕೋಣೆಯಿಂದ ಪಡಸಾಲೆಗೆ ಬಂದಿದೆ. ಬಳಸುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಪಕ್ಕದ ಗೋಡೆಗೆ ಅಂಟಿಸಿದ್ದೇವೆ. ಜೋಡಣೆ ಮುಗಿದ ದಿನ ಮನೆಯ ಪ್ರತಿಯೊಬ್ಬರೂ ತಮ್ಮ ತಮ್ಮ ಮೊಬೈಲಿನಿಂದ ಒಂದೊಂದು ಪುಟ ಮುದ್ರಿಸಿದರು. ಎಂಬತ್ತು ದಾಟಿದ ನಮ್ಮ ಅವ್ವನವರೂ ತಪ್ಪಿಸಿಕೊಳ್ಳಲಿಲ್ಲ. ಓದುಗ ಬಂಧುಗಳೇ, ನಿಮ್ಮ ಮನೆಯಲ್ಲಿಯೂ ಈ ಪರೀಕ್ಷೆಯನ್ನು ಇಂದೇ ಮಾಡಿ ನೋಡಿರಿ. ಮಕ್ಕಳ ಪರೀಕ್ಷೆಯ ಹಿಂದಿನ ರಾತ್ರಿಯವರೆಗೆ ಕಾಯಬೇಡಿರಿ.