ಗುಂಡಿಗೆ ಮೊದಲು ಆಡಬೇಕಾದ ಮಾತು

ಕಾರ್ಮಿಕರಿಗೂ ಅಧಿಕಾರಸ್ಥರಿಗೂ ನಡೆದ ಘರ್ಷಣೆಯೆಂದೊಡನೆ ನಾವು 1886ರ ಮೇ ತಿಂಗಳ ಚಿಕಾಗೋ ನಗರವನ್ನು ನೆನೆಯುತ್ತೇವೆ. ನಮ್ಮದೇ ಕೋಲಾರದ ಚಿನ್ನದ ಗಣಿಗಳನ್ನು ನೆನೆಯುವುದು ವಿರಳ.

1930ರಲ್ಲಿ ಅಲ್ಲಿನ ಕೆಲಸಗಾರರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಟ್ಟಳೆ ಬಂದಿತು. ಅಪರಾಧಿಗಳಿಂದ ಪಡೆಯುವ ಗುರುತನ್ನು ದುಡಿಯುವವರಿಂದ ಕೇಳಿದುದು ಅವರ ಮಾನವನ್ನು ಕೆಣಕಿತು. 21 ದಿನ ಮುಷ್ಕರ ನಡೆಯಿತು. ಪೊಲೀಸರ ಗುಂಡಿನಿಂದ ಅನೇಕರು ಗಾಯಗೊಂಡರು. ಕಡೆಗೆ ಕಟ್ಟಳೆಯನ್ನು ಹಿಂತೆಗೆದುಕೊಳ್ಳಲಾಯಿತು. ಹೀಗೆ ಹಿಂತೆಗೆದುಕೊಳ್ಳಬಹುದಾಗಿದ್ದ ಕಟ್ಟಳೆಗಾಗಿ ರಕ್ತ ಹರಿಯಬೇಕಾಗಿತ್ತೇ? ಆಡಳಿತ ಈ ಪಾಠವನ್ನು ಕಲಿಯಲಿಲ್ಲ. 1946ರ ನವೆಂಬರ್ 4ರಂದು ಅದೇ ನೆಲದಲ್ಲಿ ಆರು ಮಂದಿ ಕಾರ್ಮಿಕರು ಗುಂಡಿಗೆ ಬಲಿಯಾದರು.

ಶಾಂತಿಪಾಲನೆ ಸರ್ಕಾರದ ಹೊಣೆಯಲ್ಲವೇ ಎಂದು ಕೇಳುವವರುಂಟು. ನಿಜ; ಆದರೆ ಅಹವಾಲನ್ನು ಆಲಿಸುವುದು ಆ ಹೊಣೆಯ ಮೊದಲ ಭಾಗ. ಕಿವಿ ಮುಚ್ಚಿಕೊಂಡ ಅಧಿಕಾರಕ್ಕೆ ಕೊನೆಗೆ ಉಳಿಯುವುದು ಕೋವಿಯೊಂದೇ.

ಹಚ್ಚೊಳ್ಳಿಯ ಸುತ್ತಣ ಹೊಲಗದ್ದೆಗಳಿಂದ ಶಾಲೆಗೆ ಬರುವ ಮಕ್ಕಳಲ್ಲಿ ನಾಳೆ ಕೆಲವರು ಗಣಿ ಕಾರ್ಖಾನೆಗಳಲ್ಲಿ ದುಡಿಯುವರು. ಕೆಲವರು ಆಜ್ಞೆ ಹೊರಡಿಸುವ ಪೀಠದಲ್ಲಿ ಕುಳಿತುಕೊಳ್ಳುವರು. ಇಬ್ಬರೂ ಒಂದೇ ಬೆಂಚಿನ ಮೇಲಿರುವಾಗಲೇ ಕೋಲಾರದ ಈ ಕಥೆಯನ್ನು ಅವರಿಗೆ ತಿಳಿಸುವುದು ಉಪಾಧ್ಯಾಯರಾದ ನಮ್ಮ ಕರ್ತವ್ಯ. ಮುಂದೆ ಎದುರುಬದುರಾಗಿ ನಿಲ್ಲುವ ದಿನ ಬಂದರೆ, ಮೊದಲು ಮಾತನಾಡುವ ಬುದ್ಧಿ ಅವರಿಗಿರಲಿ.