ಹಾಸಿಗೆಯೇ ಗಿಡ್ಡವಾದ ವರ್ಷ

ಕೊರೊನಾ ವರ್ಷದ ಬಜೆಟ್ ಮಾತು ಬಂದಾಗಲೆಲ್ಲ ನನ್ನ ಸ್ನೇಹಿತರೊಬ್ಬರದು ಒಂದೇ ಪಲ್ಲವಿ: ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಮಾರಾಯ್ರೆ. ಪುಕ್ಕಟೆ ಅಕ್ಕಿ ಹಂಚಿ ಖಜಾನೆ ಬರಿದು ಮಾಡಿದರು.’ ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದವರು. ಅವರೆದುರು ವಾದ ಹೂಡುವಷ್ಟು ದೊಡ್ಡವನಲ್ಲ ನಾನು. ಆದರೂ ಬಜೆಟ್ಟಿನ ಅಂಕಿಗಳನ್ನೇ ಹಿಡಿದು ಒಂದಿಷ್ಟು ತಕರಾರು ತೆಗೆಯಬಹುದು ಅನ್ನಿಸುತ್ತದೆ.

2020-21ರಲ್ಲಿ ಕೇಂದ್ರದ ವಿತ್ತೀಯ ಕೊರತೆ ಜಿಡಿಪಿಯ ಶೇ 3.5ರಷ್ಟಿರುತ್ತದೆ ಎಂಬುದು ಮೊದಲ ಅಂದಾಜು. ಪರಿಷ್ಕೃತ ಅಂದಾಜಿನ ಹೊತ್ತಿಗೆ ಅದು ಶೇ 9.5. ಸುಮಾರು 8 ಲಕ್ಷ ಕೋಟಿ ರೂಪಾಯಿ ಇದ್ದದ್ದು 18.5 ಲಕ್ಷ ಕೋಟಿ ಆಯಿತು. ಹೀಗೆ ಹಿಗ್ಗಿದ ಹತ್ತೂವರೆ ಲಕ್ಷ ಕೋಟಿಯಲ್ಲಿ ಹೆಚ್ಚುವರಿ ಖರ್ಚು ನಾಲ್ಕು ಲಕ್ಷ ಕೋಟಿ ಚಿಲ್ಲರೆ. ಮಿಕ್ಕದ್ದೆಲ್ಲ ಬಾರದೇ ಹೋದ ಹಣ. ಸರ್ಕಾರಿ ಕಂಪನಿಗಳ ಷೇರು ವಿಕ್ರಯದಿಂದ 2.1 ಲಕ್ಷ ಕೋಟಿ ಬರಬೇಕಿತ್ತು, 32,000 ಕೋಟಿಗೆ ಇಳಿಸಿಕೊಂಡರು. ಅಂಗಡಿಗಳ ಷಟರ್ ಎಳೆದಿದ್ದಾಗ ಜಿಎಸ್‌ಟಿ ತಾನೇ ಎಲ್ಲಿಂದ ಬಂದೀತು? ಕಾಲು ಚಾಚಿದ್ದು ಒಂದು ಗೇಣಾದರೆ ಹಾಸಿಗೆ ಕುಗ್ಗಿದ್ದು ಒಂದೂವರೆ ಗೇಣು.

ಆ ನಾಲ್ಕು ಲಕ್ಷ ಕೋಟಿಯ ಒಳಗೂ ಒಂದು ಕತೆಯಿದೆ. ಆಹಾರ ಸಬ್ಸಿಡಿಯೊಂದೇ 1.15 ಲಕ್ಷ ಕೋಟಿಯಿಂದ 4.22 ಲಕ್ಷ ಕೋಟಿಗೆ ಏರಿತ್ತು. ಅಷ್ಟೂ ಆ ವರ್ಷದ ಅಕ್ಕಿಯೇ? ಹಿಂದಿನ ಕೆಲವು ವರ್ಷ ಆಹಾರ ನಿಗಮಕ್ಕೆ ಸಬ್ಸಿಡಿಯನ್ನು ಪೂರ್ತಿ ಕೊಡದೆ, ಸಣ್ಣ ಉಳಿತಾಯ ನಿಧಿಯಿಂದ ಸಾಲ ಕೊಡಿಸಿ ದಿನ ದೂಡಿದ್ದರು. ನಮ್ಮಮ್ಮ ತಿಂಗಳು ತಿಂಗಳು ಅಂಚೆ ಕಚೇರಿಗೆ ನಡೆದು, ಪಾಸ್‌ಬುಕ್ಕಿಗೆ ಮೊಹರು ಬಿದ್ದದ್ದನ್ನು ನೋಡಿಯೇ ಹೊರಡುತ್ತಿದ್ದ ಆರ್‌ಡಿಯಂಥ ದುಡ್ಡು ಸೇರುವುದು ಆ ನಿಧಿಗೇ. ಸಾಲ ನಿಗಮದ ತಲೆಯ ಮೇಲೆ ಕೂತಿದ್ದರಿಂದ ಕೇಂದ್ರದ ಕೊರತೆಯಲ್ಲಿ ಕಾಣಿಸಲಿಲ್ಲ. 2021ರ ಫೆಬ್ರುವರಿಯಲ್ಲಿ ನಿರ್ಮಲಾ ಸೀತಾರಾಮನ್ ಆ ಬಾಕಿಯನ್ನು ಬಜೆಟ್ಟಿನೊಳಗೆ ಎಳೆದುಕೊಂಡರು. ಕೊರೊನಾ ದುಂದು ಎಂದು ನಾವು ಬಯ್ಯುವುದರಲ್ಲಿ ದೊಡ್ಡ ಪಾಲು ಈ ಹಳೇ ಬಾಕಿ. ಹಾಗಾಗಿ ಶೇ 9.5 ಕಂಡು ನನಗೆ ಅಷ್ಟು ಗಾಬರಿಯಾಗಲಿಲ್ಲ. ಅನುಮಾನ ಹುಟ್ಟುವುದು ಅದಕ್ಕೂ ಮುಂಚಿನ ಶೇ 3.4, 3.5ರ ಅಚ್ಚುಕಟ್ಟು ಅಂಕಿಗಳ ಮೇಲೆ.

ಕೊರೊನಾ ವರ್ಷದ ಕೊರತೆ ತುಂಬಲು ಎತ್ತಿದ ಸಾಲದ ಬಡ್ಡಿ ಇವತ್ತಿಗೂ ನಮ್ಮ ಬೆನ್ನ ಮೇಲಿದೆ, ಅದನ್ನು ಅಲ್ಲಗಳೆಯಲಾರೆ. ಸ್ನೇಹಿತರ ಇನ್ನೊಂದು ಆಕ್ಷೇಪವನ್ನೂ ಒಪ್ಪುತ್ತೇನೆ. 2020ರ ಏಪ್ರಿಲ್‌ನಲ್ಲಿ ತಲೆಗೆ ಐದು ಕೆಜಿಯಂತೆ ಶುರುವಾದ ತುರ್ತು ಧಾನ್ಯ, ನಡುವೆ ಕೆಲವು ತಿಂಗಳು ನಿಂತು, 2022ರ ಡಿಸೆಂಬರ್‌ವರೆಗೂ ನಡೆಯಿತು. ನಮ್ಮ ಬೀದಿಯ ನ್ಯಾಯಬೆಲೆ ಅಂಗಡಿ ಮುಂದೆ ಅಂತರ ಕಾಯಲೆಂದು ಎಳೆದಿದ್ದ ಸುಣ್ಣದ ವೃತ್ತಗಳು ಅಷ್ಟರಲ್ಲಿ ಎರಡು ಮಳೆಗಾಲ ಕಂಡು ಅಳಿಸಿಹೋಗಿದ್ದವು. ಅಷ್ಟು ಕಾಲ ಹಂಚಿದ ಆ ಧಾನ್ಯದ ಲೆಕ್ಕವನ್ನು ಅವರು ಕೇಳಲಿ, ನಾನೂ ಜೊತೆಗೆ ನಿಲ್ಲುತ್ತೇನೆ.